ಬಾರದವರ ಲೆಕ್ಕ

ನಮ್ಮ ಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಉಪಾಧ್ಯಾಯಿನಿಯವರು ಹಾಜರಿ ಕರೆದಾದ ಮೇಲೆ, "ಬಂದವರನ್ನು ನಾನೇ ಕಾಣುತ್ತೇನೆ, ಬಾರದವರು ಯಾರು, ಏಕೆ ಬರಲಿಲ್ಲ, ಹೇಳಿರಿ" ಎಂದು ಕೇಳುವುದು ವಾಡಿಕೆಯಾಗಿತ್ತು. ಆ ಪ್ರಶ್ನೆಯ ಬೆಲೆ ನನಗೆ ತಿಳಿದುದು ಬಹಳ ವರ್ಷಗಳ ತರುವಾಯ.

ಹೃದಯಾಘಾತವು ಬಾರದಿರಲೆಂದು ವೈದ್ಯರು ನನ್ನ ತಾಯಿಯವರಿಗೆ ಆಸ್ಪಿರಿನ್ ಮಾತ್ರೆಯನ್ನು ಬರೆದುಕೊಟ್ಟರು. ತಾಯಿಯವರು, "ಇದನ್ನು ನನ್ನಂಥ ಹೆಂಗಸರಿಗೆ ಕೊಟ್ಟು ನೋಡಿರುವರೇನಮ್ಮಾ?" ಎಂದು ನನ್ನನ್ನು ಕೇಳಿದರು. ಆಸ್ಪತ್ರೆಯಲ್ಲಿ ಸಂಶೋಧನೆಗಳ ಅಂಕಿಗಳನ್ನು ಕೂಡಿಸುವುದೇ ನನ್ನ ಉದ್ಯೋಗವಾಗಿದ್ದರೂ ಉತ್ತರ ತೋಚದೆ ನಾಚಿದೆನು.

ಹಳೆಯ ವರದಿಗಳನ್ನು ತೆರೆದು ನೋಡಿದೆನು. 1989ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಹೆಸರಾಂತ ಆಸ್ಪಿರಿನ್ ಅಧ್ಯಯನದಲ್ಲಿ 22,071 ಮಂದಿ ಇದ್ದರು; ಎಲ್ಲರೂ ಪುರುಷ ವೈದ್ಯರು. ಮಾತ್ರೆ ಸೇವಿಸಿದವರಲ್ಲಿ ಹೃದಯಾಘಾತವು ನೂರಕ್ಕೆ 44ರಷ್ಟು ತಗ್ಗಿತ್ತು. 39,876 ಸ್ತ್ರೀಯರ ಅಧ್ಯಯನವು 2005ರಲ್ಲಿ ಹೊರಬಂದಾಗಲಾದರೋ, ಒಟ್ಟಿನಲ್ಲಿ ಹೃದಯಾಘಾತವು ಹೇಳಿಕೊಳ್ಳುವಷ್ಟು ತಗ್ಗಿರಲಿಲ್ಲ. ಪಾರ್ಶ್ವವಾಯುವು ನೂರಕ್ಕೆ 17ರಷ್ಟು ತಗ್ಗಿತ್ತು. ಮಾತ್ರೆಯ ಪ್ರಮಾಣವೂ ಬೇರೆಯಾಗಿದ್ದುದರಿಂದ ಭೇದವನ್ನೆಲ್ಲ ಸ್ತ್ರೀತ್ವಕ್ಕೇ ಹೊರಿಸಲಾಗದು. ಆದರೂ ಪುರುಷರನ್ನು ಮಾತ್ರ ಎಣಿಸಿ, ಸ್ತ್ರೀಯರಿಗೂ ಅದೇ ಫಲವೆನ್ನುವುದು ಸಲ್ಲದೆಂದು ಮನಗಂಡೆನು.

ಈ ಕೊರತೆಯನ್ನು ಅಳೆಯಲು ಸುಲಭವಾದ ಭಾಗಾಕಾರವೊಂದುಂಟು. ಅಧ್ಯಯನದಲ್ಲಿ ಒಂದು ವರ್ಗದವರು ನೂರಕ್ಕೆ ಎಷ್ಟೆಂಬುದನ್ನು, ಆ ರೋಗವುಳ್ಳವರಲ್ಲಿ ಅದೇ ವರ್ಗದವರು ನೂರಕ್ಕೆ ಎಷ್ಟೆಂಬುದರಿಂದ ಭಾಗಿಸಬೇಕು. ರೋಗಿಗಳಲ್ಲಿ ನೂರಕ್ಕೆ 40 ಸ್ತ್ರೀಯರಿದ್ದು ಅಧ್ಯಯನದಲ್ಲಿ 20 ಮಾತ್ರ ಇದ್ದರೆ ಭಾಗಲಬ್ಧವು 0.5. ಅದು 0.8ರಿಂದ 1.2ರೊಳಗೆ ಇದ್ದರೆ ಸಮವೆಂದು ಸಾಮಾನ್ಯವಾಗಿ ಎಣಿಸುವರು. ಭಾಜಕವು ಊರಿನ ಜನಸಂಖ್ಯೆಯಲ್ಲ, ರೋಗಿಗಳದೇ ಆಗಿರಬೇಕು. ಏಕೆಂದರೆ ರೋಗವು ಎಲ್ಲರಲ್ಲಿಯೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ವೃದ್ಧರಿಗೂ ಹಳ್ಳಿಯವರಿಗೂ ಇದೇ ಲೆಕ್ಕ. ಆದರೆ ವಯಸ್ಸನ್ನೂ ಊರನ್ನೂ ದಾಖಲೆಯಲ್ಲಿ ಬರೆಯದಿದ್ದರೆ ಯಾವ ಗಣಿತವೂ ನೆರವಾಗದು.

ಕಂಡುದನ್ನು ತಾಯಿಯವರಿಗೂ ವೈದ್ಯರಿಗೂ ತಿಳಿಸಿದೆನು. ವೈದ್ಯರು ರಕ್ತಸ್ರಾವದ ಭಯವನ್ನೂ ತೂಗಿ ನೋಡಿ, ಮಾತ್ರೆಯನ್ನು ನಿಲ್ಲಿಸಿದರು.

ಈಗ ನಾನು ಮೊತ್ತವನ್ನು ಬರೆಯುವ ಮುನ್ನ, ಬಾರದವರು ಯಾರೆಂದು ಕೇಳುತ್ತೇನೆ. ಒಬ್ಬಳು ದಿನದ ಕೂಲಿಯನ್ನು ಬಿಡಲಾರಳು. ಇನ್ನೊಬ್ಬಳು ಎಳೆಗೂಸನ್ನು ಬಿಟ್ಟುಬರಲಾರಳು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಅರಸಿದ ಕುರುಬನ ಸಾಮ್ಯವನ್ನು ನಾವೆಲ್ಲರೂ ಇದೇ ಶಾಲೆಯಲ್ಲಿ ಕೇಳಿದವರು. ಆತನೂ ಮೊದಲು ಎಣಿಸಿಯೇ ಇರಬೇಕು. ಎಣಿಸದಿದ್ದರೆ ಒಂದು ಕಡಮೆಯೆಂದು ತಿಳಿಯುತ್ತಿದ್ದುದು ಹೇಗೆ?