ಹಳೇ ವರ್ಡು, ಹೊಸ ವರ್ಡು

ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲೆ ಎರಡು ಗುರುತುಗಳು ಒಂದರ ಪಕ್ಕ ಒಂದು ಇದ್ದವು. ಒಂದರ ಕೆಳಗೆ ‘ಹಳೇ ವರ್ಡು’, ಇನ್ನೊಂದರ ಕೆಳಗೆ ‘ಹೊಸ ವರ್ಡು’ ಎಂದು ನಾನೇ ಹೆಸರು ಕೊಟ್ಟಿದ್ದೆ. ಹಳೇದು ವರ್ಡ್ 2003, ಹೊಸದು ವರ್ಡ್ 2010. ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದವರು, ಸೊಸೈಟಿಯ ವಾರ್ಷಿಕ ವರದಿ ಮಾಡಿಸಲು ಬಂದವರು ಆ ಎರಡನ್ನೂ ನೋಡಿ, “ಒಂದೇ ಕೆಲಸಕ್ಕೆ ಎರಡು ಯಾಕಮ್ಮ? ಹಳೇದನ್ನು ತೆಗೆದು ಹಾಕಬಾರದಾ?” ಎಂದು ಕೇಳುತ್ತಿದ್ದರು. ಕೈಯಲ್ಲಿ ಕೆಲಸ ಇರುತ್ತಿತ್ತು, ನಕ್ಕು ಸುಮ್ಮನಾಗುತ್ತಿದ್ದೆ. ಆ ಪ್ರಶ್ನೆಗೆ ಈಗ ಸಾವಧಾನವಾಗಿ ಉತ್ತರ ಹೇಳಬೇಕು ಅನ್ನಿಸಿದೆ.

ಎರಡನ್ನೂ ಒಂದೇ ಕಂಪ್ಯೂಟರಿಗೆ ಹಾಕಲು ಒಂದು ಕ್ರಮ ಇದೆ. ಪಂಕ್ತಿಯಲ್ಲಿ ಹಿರಿಯರಿಗೆ ಮೊದಲು ಎಲೆ ಹಾಕಿದ ಹಾಗೆ ಇಲ್ಲೂ ಹಳೇದಕ್ಕೇ ಮೊದಲ ಸರದಿ, ಹೊಸದು ಆಮೇಲೆ. ಹೊಸದನ್ನು ಹಾಕುವಾಗ ‘ಅಪ್‌ಗ್ರೇಡ್’ ಎಂಬ ಗುಂಡಿ ಎದುರಿಗೇ ಬರುತ್ತದೆ. ಅವಸರಕ್ಕೆ ಅದನ್ನು ಒತ್ತಿದರೆ ಹಳೇದು ಅಳಿಸಿಹೋಯಿತು. ಪಕ್ಕದ ‘ಕಸ್ಟಮೈಸ್’ ಒಳಗೆ ಹೋಗಿ, ಹಿಂದಿನ ಆವೃತ್ತಿಗಳೆಲ್ಲ ಹಾಗೇ ಇರಲಿ ಎಂಬುದನ್ನು ಆರಿಸಬೇಕು. ಆಗ ‘ಆಫೀಸ್11’ ಎಂಬ ಫೋಲ್ಡರಿನಲ್ಲಿ ಹಳೇದು, ‘ಆಫೀಸ್14’ ಎಂಬುದರಲ್ಲಿ ಹೊಸದು ಬೇರೆ ಬೇರೆ ಬಿಡಾರ ಮಾಡುತ್ತವೆ. ಹನ್ನೆರಡು 2007ರದು, ಹದಿಮೂರನ್ನು ಕಂಪನಿಯೇ ಬಿಟ್ಟಿದೆ. ಔಟ್‌ಲುಕ್ ಒಂದು ಮಾತ್ರ ಹೀಗೆ ಜೋಡಿಯಾಗಿ ಇರಲು ಒಪ್ಪುವುದಿಲ್ಲ.

ಬಿಡಾರ ಬೇರೆಯಾದರೂ ದಾಖಲೆ ಒಂದೇ. ವಿಂಡೋಸಿನ ಒಳಗೆ ‘ರಿಜಿಸ್ಟ್ರಿ’ ಎಂಬ ದೊಡ್ಡ ಪುಸ್ತಕವಿದೆ, ನಮ್ಮ ಜಮೀನಿನ ಪಹಣಿ ಇದ್ದಂತೆ. ವರ್ಡ್ ಫೈಲನ್ನು ಯಾರು ತೆರೆಯಬೇಕು ಎಂಬ ಹಕ್ಕು ಅದರಲ್ಲಿ ಒಬ್ಬರ ಹೆಸರಿಗೇ ಇರುತ್ತದೆ. ಬೆಳಿಗ್ಗೆ ಹೊಸ ವರ್ಡಿನಲ್ಲಿ ಕೆಲಸ ಮಾಡಿ ಮಧ್ಯಾಹ್ನ ಹಳೇದನ್ನು ಒತ್ತಿದರೆ ಒಂದು ಸಣ್ಣ ಪೆಟ್ಟಿಗೆ ಮೂಡಿ, ಅದರಲ್ಲಿ ಒಂದು ಪಟ್ಟಿ ನಿಧಾನಕ್ಕೆ ತುಂಬುತ್ತಾ ಹೋಗುತ್ತಿತ್ತು. ಹಳೇದು ಖಾತೆಯನ್ನು ತನ್ನ ಹೆಸರಿಗೆ ಬದಲಾಯಿಸಿಕೊಳ್ಳುವ ಹೊತ್ತು ಅದು. ಸಂಜೆ ಹೊಸದನ್ನು ತೆರೆದರೆ ಅದರ ಸರದಿ. ಅಷ್ಟು ಹೊತ್ತು ಕಾಯುವುದನ್ನು ನಾನು ಅಭ್ಯಾಸ ಮಾಡಿಕೊಂಡೆ. ಫೈಲಿನ ಮೇಲೆ ಎರಡು ಸಲ ಒತ್ತಿ ತೆರೆಯುವುದನ್ನೂ ಬಿಟ್ಟೆ. ಯಾವ ವರ್ಡು ಬೇಕೋ ಅದನ್ನು ಮೊದಲು ತೆರೆದು, ಅದರ ಒಳಗಿನಿಂದಲೇ ಫೈಲನ್ನು ಕರೆಯುತ್ತಿದ್ದೆ.

ಇಷ್ಟೆಲ್ಲ ಯಾಕೆ ಎಂದು ನನಗೆ ಚೆನ್ನಾಗಿ ಅರಿವಾಗಿದ್ದು 2011ರ ಮಳೆಗಾಲದಲ್ಲಿ. ನಿವೃತ್ತರಾದ ಒಬ್ಬ ಮೇಷ್ಟ್ರು ಕೊಡೆ ಮಡಚುತ್ತಾ ಒಳಗೆ ಬಂದರು. ಅಡಿಕೆ ತೋಟದ ಮಾತುಗಳನ್ನು ವರ್ಷಗಟ್ಟಲೆ ಕೂಡಿಸಿದವರು ಅವರು. ಕೊನೆಗಾರ, ದೋಟಿ, ಸೋಗೆ, ಹಾಳೆ, ಕೊಟ್ಟೆ, ಚೊಗರು, ಬೆಟ್ಟೆ, ಗೊರಬಲು, ಹೀಗೆ ಎರಡು ಸಾವಿರಕ್ಕೂ ಮೇಲೆ. 2004ರಲ್ಲಿ ಅವನ್ನು ನಾನೇ ಕೂತು ಟೈಪ್ ಮಾಡಿ ಸಿಡಿಗೆ ಹಾಕಿಕೊಟ್ಟಿದ್ದೆ. ಅಚ್ಚಿಗೆ ಹಣ ಕೂಡಿಬಂದಿರಲಿಲ್ಲ. ಈಗ ಮಗ ಹಣ ಕೊಡುತ್ತೇನೆಂದಿದ್ದ. ಆದರೆ ಮೊಮ್ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕಿದರೆ ಒಂದಕ್ಷರವೂ ಕನ್ನಡ ಕಾಣುತ್ತಿಲ್ಲ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದಿದ್ದ ಸಿಡಿಯನ್ನು ಮೇಜಿನ ಮೇಲಿಟ್ಟು, “ಏನಮ್ಮ, ಪುಸ್ತಕ ಹೋಯ್ತಾ?” ಎಂದರು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

“ಹೋಗಿಲ್ಲ ಮೇಷ್ಟ್ರೇ, ಕೂತ್ಕೊಳ್ಳಿ” ಎಂದು ಹಳೇ ವರ್ಡನ್ನು ತೆರೆದೆ. ಪೆಟ್ಟಿಗೆ ಮೂಡಿತು, ಪಟ್ಟಿ ತುಂಬಿತು. ಆಮೇಲೆ ಅವರು 2004ರಲ್ಲಿ ಒಪ್ಪಿ ಸಹಿ ಹಾಕಿದ್ದ ಪುಟ, ಅದೇ ಸಾಲು, ಅದೇ ಅಂಚು, ಹಾಗೇ ಎದುರಿಗೆ ಬಂತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮೊದಲ ಪದವನ್ನು ಗಟ್ಟಿಯಾಗಿ ಓದಿದರು.

ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಏನಾಗಿತ್ತು ಎಂದು ಅವರಿಗೆ ಆ ದಿನ ಬಿಡಿಸಿ ಹೇಳಿದೆ. ಆ ಕಾಲದಲ್ಲಿ ನಾವು ಬಳಸುತ್ತಿದ್ದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಫಾಂಟುಗಳಲ್ಲಿ ಕನ್ನಡದ ಅಕ್ಷರಕ್ಕೆ ಸ್ವಂತ ಜಾಗ ಇರಲಿಲ್ಲ. ಇಂಗ್ಲಿಷಿನ, ಯೂರೋಪಿನ ಅಕ್ಷರಗಳ ಜಾಗದಲ್ಲಿ ಅದು ಬಾಡಿಗೆಗೆ ಇತ್ತು. ‘ಕನ್ನಡ’ ಎಂದು ಹೊಡೆದರೆ ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದದ್ದು ಏಳು ಸಂಖ್ಯೆ: 80, 192, 163, 192, 223, 113, 192. ನುಡಿ ಫಾಂಟ್ ಇರುವ ಕಡೆ ಅವು ‘ಕನ್ನಡ’ ಎಂದೇ ಕಾಣುತ್ತವೆ. ಫಾಂಟ್ ಇಲ್ಲದ ಕಡೆ ಮನೆಯ ಮೂಲ ಮಾಲೀಕರು ಎದ್ದು ಬರುತ್ತಾರೆ: ದೊಡ್ಡ ‘ಪಿ’, ನೆತ್ತಿಯ ಮೇಲೆ ಗೀಟಿರುವ ‘ಎ’, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ‘ಎ’, ಜರ್ಮನರ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಇನ್ನೊಮ್ಮೆ ಗೀಟಿನ ‘ಎ’. ಮೇಷ್ಟ್ರ ಎರಡು ಸಾವಿರ ಪದಗಳೂ ಅಲ್ಲಿ ಹೀಗೇ ನಿಂತಿದ್ದವು.

ಹೊಸ ವರ್ಡಿಗೂ ನುಡಿ ಫಾಂಟ್ ಹಾಕಿದರೆ ಅಕ್ಷರ ಕಾಣುತ್ತದೆ, ನಿಜ. ಆದರೆ ಅಲ್ಲಿ ಸಾಲುಗಳು ಬೇರೆ ಕಡೆ ಮುರಿದು, ಪುಟದ ತುದಿಯಲ್ಲಿದ್ದ ಪದ ಮುಂದಿನ ಪುಟಕ್ಕೆ ಹೋಗಿ, ಪರಿವಿಡಿಯ ಸಂಖ್ಯೆಗಳು ತಪ್ಪುತ್ತಿದ್ದವು. ಇನ್ನೊಂದು ಅಪಾಯ ಕಣ್ಣಿಗೆ ಬೇಗ ಬೀಳುವಂಥದ್ದಲ್ಲ. ಇಂಗ್ಲಿಷ್ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಸೌಲಭ್ಯ ವರ್ಡಿನಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ನುಡಿಯಲ್ಲಿ ‘ಡ’ ಬರುವುದು ಚಿಕ್ಕ ‘ಕ್ಯೂ’ವಿನ ಜಾಗದಲ್ಲಿ, ಅದು ದೊಡ್ಡದಾದರೆ ‘ಕಿ’ ಆಗಿಬಿಡುತ್ತದೆ. ವಾಕ್ಯದ ಮೊದಲಲ್ಲಿ ಡಬ್ಬ ಎಂದು ಹೊಡೆದವರು ತಲೆಯೆತ್ತಿ ನೋಡುವಷ್ಟರಲ್ಲಿ ಪದವೇ ಕೆಟ್ಟಿರುತ್ತದೆ. ಇಂಗ್ಲಿಷ್ ಕೆಲಸಕ್ಕೆ ಬೇಕೆಂದು ಹೊಸ ವರ್ಡಿನಲ್ಲಿ ಆ ಸೌಲಭ್ಯವನ್ನು ಇಟ್ಟುಕೊಂಡಿದ್ದೆ. ಹಳೇ ವರ್ಡಿನಲ್ಲಿ ಪೂರ್ತಿ ನಿಲ್ಲಿಸಿ, ಅದನ್ನು ನುಡಿಗೆಂದೇ ಮೀಸಲಿಟ್ಟಿದ್ದೆ.

ಹಾಗೆಂದು ಆ ಕಾಲದ ಕೆಲಸವನ್ನು ಹಗುರವಾಗಿ ನೋಡಲು ನನ್ನಿಂದಾಗದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿರದಿದ್ದರೆ, ಆಮೇಲೆ ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿರದಿದ್ದರೆ, ನಮ್ಮಂಥ ಸಣ್ಣ ಊರಿನ ಅಂಗಡಿಗಳಲ್ಲಿ ಕನ್ನಡ ಕಂಪ್ಯೂಟರಿನ ಮೇಲೆ ಬರುವುದು ಎಷ್ಟು ತಡವಾಗುತ್ತಿತ್ತೋ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನನ್ನ ಬೆರಳಿಗೆ ಇಳಿದದ್ದೂ ನುಡಿಯಿಂದಲೇ. ಇವತ್ತು, ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಬರೆಯುವಾಗಲೂ ಅದೇ ವಿನ್ಯಾಸ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ‘ತುಂಗಾ’ ಫಾಂಟಿನ ಜೊತೆ ಯೂನಿಕೋಡ್ ಕನ್ನಡ ಬಂದಿತ್ತು. ಆದರೂ ನಾವು ಬಾಡಿಗೆ ಜಾಗದಲ್ಲೇ ಉಳಿದದ್ದಕ್ಕೆ ಕಾರಣ ಪ್ರೆಸ್ಸು. ಪುಸ್ತಕದ ಪುಟಗಳೆಲ್ಲ ಪೇಜ್‌ಮೇಕರಿನಲ್ಲಿ ಆಗಬೇಕಿತ್ತು. ಅದರ ಕೊನೆಯ ಆವೃತ್ತಿಯಾದ 7.0ಕ್ಕೂ ಯೂನಿಕೋಡ್ ಗೊತ್ತಿರಲಿಲ್ಲ.

ಮೇಷ್ಟ್ರ ಪುಸ್ತಕವನ್ನು ಯೂನಿಕೋಡಿಗೆ ದಾಟಿಸೋಣ ಎಂದು ಆ ದಿನವೇ ನಿಶ್ಚಯಿಸಿದೆವು. ಯೂನಿಕೋಡಿನಲ್ಲಿ ‘ಕ’ಗೆ 3221 ಎಂಬ ಸ್ವಂತ ಸಂಖ್ಯೆಯಿದೆ, ಅದರಲ್ಲಿ ಬೇರೆ ಯಾವ ಭಾಷೆಯ ಅಕ್ಷರವೂ ಇಲ್ಲ. ಬದಲಾಯಿಸಿಕೊಡುವ ತಂತ್ರಾಂಶಗಳು ಆಗಲೇ ಇದ್ದವು. ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸಿ ಹೊಸ ವರ್ಡಿಗೆ ತಂದೆ. ಪರದೆಯ ಎಡಕ್ಕೆ ಹಳೇ ವರ್ಡು, ಬಲಕ್ಕೆ ಹೊಸ ವರ್ಡು, ಎರಡನ್ನೂ ಅರ್ಧರ್ಧ ಮಾಡಿ ನಿಲ್ಲಿಸಿದೆ. ಮೇಷ್ಟ್ರು ಎಡಗಡೆಯದನ್ನು ಓದುತ್ತಾ ಹೋದರು, ನಾನು ಬಲಗಡೆಯ ಸಾಲಿನ ಮೇಲೆ ಕಣ್ಣಿಟ್ಟೆ.

ಮೊದಲ ಪುಟದಲ್ಲೇ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿತ್ತು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಬಂದ ಕಡೆಯಲ್ಲೂ ‘ರ್’ ತನ್ನ ಸ್ಥಾನ ಬಿಟ್ಟು ಹಿಂದೆ ಬಿದ್ದಿತ್ತು. ಇದೆಲ್ಲ ಅರ್ಕಾವತ್ತಿನ ತೊಡಕು. ನುಡಿ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲಿ ಅಕ್ಷರ ಕೂರುತ್ತದೆ: ಮೊದಲು ‘ನಾ’, ಅದರ ಬಲಕ್ಕೆ ಅರ್ಕಾವತ್ತು. ಯೂನಿಕೋಡಿನಲ್ಲಿ ನಾಲಿಗೆ ನುಡಿಯುವ ಕ್ರಮ: ಮೊದಲು ‘ರ್’, ಆಮೇಲೆ ‘ನಾ’. ಕಣ್ಣಿನ ಕ್ರಮದಿಂದ ನಾಲಿಗೆಯ ಕ್ರಮಕ್ಕೆ ತರುವಾಗ ಯಂತ್ರ ಒಮ್ಮೊಮ್ಮೆ ಎಡವುತ್ತದೆ. ಗಿಡಮರಗಳ ಲ್ಯಾಟಿನ್ ಹೆಸರುಗಳ ಗತಿ ಇನ್ನೂ ಕಷ್ಟದ್ದು. ಅಡಿಕೆಯ ಎದುರು ‘ಅರೆಕಾ ಕಟೆಚು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದೆ. ಅದೂ ಕನ್ನಡವೇ ಎಂದುಕೊಂಡ ಯಂತ್ರ ಅದನ್ನು ಅರ್ಥವಿಲ್ಲದ ಒತ್ತಕ್ಷರಗಳ ರಾಶಿ ಮಾಡಿಟ್ಟಿತ್ತು. ಬಲಗಡೆ ನೋಡಿ ಮೂಲವನ್ನು ಊಹಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಎಡಗಡೆ ನೋಡಿದರೆ ಇದ್ದದ್ದು ಇದ್ದ ಹಾಗೇ ಇತ್ತು.

ಹಳೇ ವರ್ಡನ್ನು ಯಾಕೆ ತೆಗೆದು ಹಾಕಲಿಲ್ಲ ಎಂಬುದಕ್ಕೆ ನನ್ನ ಉತ್ತರ ಆ ಎಡಗಡೆಯ ಅರ್ಧ ಪರದೆ. ಅದರಲ್ಲೇ ಬಾಳುವ ಆಸೆ ನನಗಿರಲಿಲ್ಲ. ದಾಟಿಸುವ ಹೊತ್ತಿನಲ್ಲಿ ಮೂಲ ಹೀಗಿತ್ತು ಎಂದು ಹೇಳುವ ಒಬ್ಬ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಮೊದಲೇ ಕಳಿಸಿಬಿಟ್ಟರೆ, ದಾಟಿದ್ದೇ ಮೂಲ ಎಂದು ನಂಬಿ ಕೂರಬೇಕಾಗುತ್ತದೆ. ಕನಾರ್ಟಕವೇ ಅಚ್ಚಾಗಿ ಮನೆಮನೆಗೆ ಹೋಗುತ್ತದೆ.

ಇಡೀ ಪುಸ್ತಕ ಮುಗಿಸಲು ನಮಗೆ ಇಪ್ಪತ್ತಾರು ಮಧ್ಯಾಹ್ನ ಹಿಡಿಯಿತು. ಕೊನೆಯ ದಿನ ಎಲ್ಲ ಪದಗಳನ್ನೂ ಆರಿಸಿ, ಅಕಾರಾದಿಗೆ ಜೋಡಿಸುವ ಗುಂಡಿ ಒತ್ತಿದೆ. 2004ರಲ್ಲಿ ಇದೇ ಕೆಲಸಕ್ಕೆ ಮೇಷ್ಟ್ರು ಮನೆಯ ಜಗಲಿಯ ತುಂಬ ಚೀಟಿ ಹರಡಿಕೊಂಡು ಕೂತಿದ್ದರು. ಆಗಿನ ಅಕ್ಷರಗಳನ್ನು ವರ್ಡು ಜೋಡಿಸಲಾರದು. 80, 192 ಎಂಬ ಬಾಡಿಗೆ ಸಂಖ್ಯೆಗಳಿಗೂ ನಮ್ಮ ವರ್ಣಮಾಲೆಗೂ ಸಂಬಂಧವೇ ಇಲ್ಲ. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಳದಿಂದ ಹೊಂಬಾಳೆಯವರೆಗೆ ಪದಗಳು ಸಾಲಾಗಿ ನಿಂತವು. ಅವರು ಏನೂ ಮಾತಾಡಲಿಲ್ಲ. ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಗ್ಗಿ, ಬೆರಳಿನಿಂದ ಒಂದೊಂದೇ ಪದ ಮುಟ್ಟುತ್ತಾ ಕೆಳಗಿಳಿದರು.

ಜೋಡಿ ಆವೃತ್ತಿ ಇಟ್ಟುಕೊಳ್ಳುವವರು ಪಾಲಿಸಬೇಕಾದ ಶಿಸ್ತೂ ಇದೆ. ಹೊಸದರಲ್ಲಿ ಮಾಡಿದ್ದನ್ನು ಹಳೇ ರೂಪದಲ್ಲಿ ಸೇವ್ ಮಾಡುವ ಮುನ್ನ ಮೂಲದ ಒಂದು ಪ್ರತಿ ಬೇರೆ ಕಡೆ ಇರಲೇಬೇಕು. ಎಕ್ಸೆಲ್‌ನಲ್ಲಂತೂ ಈ ಎಚ್ಚರ ತಪ್ಪಬಾರದು. 2003ರ ಹಾಳೆಯಲ್ಲಿ 65,536 ಸಾಲು, 2007ರಿಂದ ಈಚಿನದರಲ್ಲಿ 10,48,576. ಉದ್ದದ ಲೆಕ್ಕವನ್ನು ಹಳೇ ರೂಪಕ್ಕೆ ಇಳಿಸಿದರೆ ಮಿಕ್ಕಿದ ಸಾಲುಗಳು ಕಳೆದೇ ಹೋಗುತ್ತವೆ. 2014ರ ಏಪ್ರಿಲ್ 8ಕ್ಕೆ ಆಫೀಸ್ 2003ಕ್ಕೆ ಕಂಪನಿಯ ರಕ್ಷಣೆ ನಿಂತಿತು. ಅಂದಿನಿಂದ ಇಮೇಲಿನಲ್ಲಿ ಬಂದ ಯಾವ ಫೈಲನ್ನೂ ನಾನು ಹಳೇದರಲ್ಲಿ ತೆರೆದಿಲ್ಲ. ನನ್ನದೇ ಸಿಡಿಗಳ ಫೈಲಿಗೆ ಮಾತ್ರ ಅದರ ಬಾಗಿಲು.

2020ರ ಅಕ್ಟೋಬರಿನಲ್ಲಿ ಆಫೀಸ್ 2010ರ ಕಾಲವೂ ಮುಗಿಯಿತು. ‘ಹೊಸ ವರ್ಡು’ ಎಂದು ನಾನು ಬರೆದಿದ್ದ ಹೆಸರು ಸುಳ್ಳಾಯಿತು. ಕಂಪ್ಯೂಟರನ್ನೇ ಬದಲಾಯಿಸಿದೆ. ಈಗಿನದರಲ್ಲಿ, ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರನ್ನು ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರ ಒಳಗೆ ಒಂದು ಪೂರ್ತಿ ವಿಂಡೋಸ್ ಎಕ್ಸ್‌ಪಿಯನ್ನೂ ನನ್ನ ಹಳೇ ಸಿಡಿಯಿಂದ ವರ್ಡ್ 2003ನ್ನೂ ಕೂರಿಸಿದ್ದೇನೆ. ಅದಕ್ಕೆ ಇಂಟರ್ನೆಟ್ ಸಂಪರ್ಕ ಕೊಟ್ಟಿಲ್ಲ. ಖಾತೆ ಬದಲಾವಣೆಯ ಪೆಟ್ಟಿಗೆ ಈಗ ಮೂಡುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಪಹಣಿ ಆಗಿದೆ.

ಮೊನ್ನೆ ದೀಪಾವಳಿಗೆ ಊರಿಗೆ ಬಂದಿದ್ದ ಮೇಷ್ಟ್ರ ಮೊಮ್ಮಗ ಅಂಗಡಿಗೆ ಬಂದ. ಅಜ್ಜನ ಪುಸ್ತಕದ ಫೈಲು ಅವನ ಮೊಬೈಲಿನಲ್ಲಿತ್ತು. ಅದರಲ್ಲಿ ಹಳೇ ವರ್ಡೂ ಇಲ್ಲ, ಹೊಸ ವರ್ಡೂ ಇಲ್ಲ. ಹುಡುಕುವ ಜಾಗದಲ್ಲಿ ‘ಕೊಟ್ಟೆ’ ಎಂದು ಹೊಡೆದ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕಟ್ಟುವ ಹೊದಿಕೆ ಎಂಬ ಅಜ್ಜನ ಮಾತು ತಕ್ಷಣ ಕಾಣಿಸಿತು. “ನೋಡಿ ಅಕ್ಕಾ, ಬಂತು” ಎಂದ.

ಅವನು ಹೋದ ಮೇಲೆ ಬೀರು ತೆರೆದು ನೋಡಿದೆ. ಇನ್ನೂ ನಲವತ್ತು ಸಿಡಿಗಳು ಉಳಿದಿವೆ. ಯಾರದೋ ಊರಿನ ಚರಿತ್ರೆ, ಯಾರದೋ ತಾಯಿಯ ಹಾಡುಗಳು, ಒಂದು ಯಕ್ಷಗಾನ ಮೇಳದ ಪ್ರಸಂಗಗಳು. ಮೇಲಿನದನ್ನು ತೆಗೆದು ಧೂಳು ಒರೆಸಿ ಕಂಪ್ಯೂಟರಿಗೆ ಹಾಕಿದೆ. ಎಡಕ್ಕೆ ಹಳೇದು, ಬಲಕ್ಕೆ ಹೊಸದು ತೆರೆದುಕೊಂಡೆ.