ಬೊರ್ಮಿಯೋದ ಹುಡುಗರು

ಇಟಲಿಯ ಉತ್ತರ ತುದಿಯಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ಬೊರ್ಮಿಯೋ ಎಂಬ ಪುಟ್ಟ ಊರಿದೆ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆಂದು ಜನ ಅಲ್ಲಿಗೆ ಹೋಗುತ್ತಾರೆ. ಆದರೆ 1987ರ ಜುಲೈ ಕೊನೆಯಲ್ಲಿ ಅಲ್ಲಿಗೆ ಬಂದಿಳಿದವರು ಬೇರೆಯೇ ಮಂದಿ. ಕಿರಿಯರ ವಿಶ್ವ ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ಗಾಗಿ ಹನ್ನೆರಡು ದೇಶಗಳ ಹುಡುಗರು ಅಲ್ಲಿ ಸೇರಿದ್ದರು. ಎಲ್ಲರೂ ಹದಿನೆಂಟು-ಇಪ್ಪತ್ತರ ಆಸುಪಾಸಿನವರು. ಮೀಸೆ ಸರಿಯಾಗಿ ಮೂಡದವರು.

ಈ ಪಂದ್ಯಾವಳಿ ಶುರುವಾದದ್ದು 1979ರಲ್ಲಿ, ಬ್ರೆಜಿಲಿನ ಸಾಲ್ವಡಾರ್‌ನಲ್ಲಿ. ಆಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಮೊದಲ ಎರಡು ಸಲ ಗೆದ್ದದ್ದು ಅಮೆರಿಕ. ಮೂರನೆಯದನ್ನೂ ಅದೇ ಗೆಲ್ಲುತ್ತದೆ ಎಂದು ಎಲ್ಲರೂ ನಂಬಿದ್ದರೆ ಅದರಲ್ಲಿ ತಪ್ಪೇನಿಲ್ಲ. ಮುಂದೆ ದೊಡ್ಡ ಹೆಸರು ಮಾಡಿದ ಗ್ಯಾರಿ ಪೇಟನ್, ಲ್ಯಾರಿ ಜಾನ್ಸನ್ ಅವರಂತಹ ಹುಡುಗರು ಆ ತಂಡದಲ್ಲಿದ್ದರು. ಆದರೆ ಎದುರಿಗೆ ಬಂದದ್ದು ಯುಗೊಸ್ಲಾವಿಯಾ.

ನಮ್ಮ ಗುಂಪಿನಲ್ಲಿ ಬಾಸ್ಕೆಟ್‌ಬಾಲ್ ಹುಚ್ಚಿನವರು ಐದಾರು ಮಂದಿ ಇದ್ದೇವೆ. ಆ ಪಂದ್ಯದ ಮಸುಕು ಮಸುಕಾದ ದೃಶ್ಯಗಳನ್ನು ನಾವು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಟೋನಿ ಕುಕೊಚ್ ಎಂಬ ಹುಡುಗ. ಎತ್ತರ ಎರಡು ಮೀಟರಿಗೂ ಮಿಕ್ಕಿ, ಮೈ ಮಾತ್ರ ಸೋಗೆಕಡ್ಡಿ. ಅಷ್ಟು ಎತ್ತರದವನನ್ನು ನಮ್ಮಲ್ಲಾದರೆ ಬುಟ್ಟಿಯ ಕೆಳಗೆ ನಿಲ್ಲಿಸಿ, ಬಂದ ಚೆಂಡು ಹಿಡಿ ಎನ್ನುತ್ತಾರೆ. ಅಮೆರಿಕದ ಹುಡುಗರೂ ಅವನು ಬುಟ್ಟಿಯ ಹತ್ತಿರವೇ ಬರುತ್ತಾನೆಂದು ಕಾದಿದ್ದಿರಬೇಕು. ಅವನು ಬರಲಿಲ್ಲ. ದೂರದ ಗೆರೆಯ ಹೊರಗೇ ನಿಂತು ಎಸೆದ. ಅಂತಾರಾಷ್ಟ್ರೀಯ ನಿಯಮದಲ್ಲಿ ಆ ಮೂರು ಅಂಕದ ಗೆರೆ ಬಂದು ಆಗ ಮೂರೇ ವರ್ಷವಾಗಿತ್ತು; ಬುಟ್ಟಿಯಿಂದ 6.25 ಮೀಟರ್ ದೂರ. ಅಮೆರಿಕದ ಕಾಲೇಜುಗಳಿಗೆಲ್ಲ ಅದು ಬಂದದ್ದು ಅದರ ಹಿಂದಿನ ಋತುವಿನಲ್ಲಷ್ಟೇ. ಕುಕೊಚ್ ಅಲ್ಲಿಂದ ಹನ್ನೆರಡು ಸಲ ಎಸೆದ. ಹನ್ನೊಂದು ಒಳಗೆ ಹೋಯಿತು! ಆ ದಿನ ಅವನ ಗಳಿಕೆ 37 ಅಂಕ. ಯುಗೊಸ್ಲಾವಿಯಾ 110, ಅಮೆರಿಕ 95. ಅದು ಗುಂಪು ಹಂತದ ಪಂದ್ಯ. ಫೈನಲ್‌ನಲ್ಲಿ ಎರಡೂ ತಂಡಗಳು ಮತ್ತೆ ಎದುರಾದವು. ಮತ್ತೆ ಅದೇ ಕತೆ, 86-76.

ಆ ಹನ್ನೆರಡನೆಯ ಎಸೆತ ಯಾಕೆ ತಪ್ಪಿತು ಎಂಬ ಬಗ್ಗೆ ನಮ್ಮಲ್ಲಿ ಇವತ್ತಿಗೂ ಚರ್ಚೆ ನಡೆಯುತ್ತದೆ. ಅದನ್ನು ಬಿಡೋಣ.

ಆ ತಂಡದ ಹೆಸರುಗಳನ್ನು ಒಮ್ಮೆ ನೋಡಿ. ಕುಕೊಚ್ ಮತ್ತು ದಿನೊ ರಾಜಾ (ನಮ್ಮ ಕಿವಿಗೆ ಆ ಹೆಸರು ಹಾಗೆಯೇ ಕೇಳಿಸುತ್ತದೆ) ಇಬ್ಬರೂ ಕ್ರೊಯೇಶಿಯಾದ ಕಡಲೂರು ಸ್ಪ್ಲಿಟ್‌ನವರು. ವ್ಲಾದೆ ದಿವಾತ್ಸ್ ಸರ್ಬಿಯಾದವನು. ಅವನು ಹುಟ್ಟಿದ ಪ್ರಿಯೆಪೊಲ್ಯೆಯಲ್ಲಿ ಸರ್ಬರೂ ಮುಸ್ಲಿಮರೂ ಅಕ್ಕಪಕ್ಕದಲ್ಲಿ ಬಾಳುತ್ತಾರೆ. ಅಲೆಕ್ಸಾಂಡರ್ ಜೋರ್ಜೆವಿಚ್ ಸರ್ಬ. ಲೂಕಾ ಪಾವಿಚೆವಿಚ್ ಮೊಂಟೆನೆಗ್ರೊದವನು. ತಿಯೊಮನ್ ಅಲಿಬೆಗೊವಿಚ್ ಹುಟ್ಟಿದ್ದು ಬೋಸ್ನಿಯಾದ ಝೆನಿತ್ಸಾದಲ್ಲಿ. ಸಮೀರ್ ಅವ್ದಿಚ್ ಕೂಡ ಬೋಸ್ನಿಯಾದವನೇ. ಕೋಚ್ ಸ್ವೆತಿಸ್ಲಾವ್ ಪೆಶಿಚ್ ಸರ್ಬನಾದರೂ ಆಟಗಾರನಾಗಿ ಬೆಳೆದದ್ದು ಸರಾಯೆವೊದ ‘ಬೋಸ್ನಾ’ ಕ್ಲಬ್‌ನಲ್ಲಿ. ಆ ಕ್ಲಬ್ 1979ರಲ್ಲಿ ಯೂರೋಪಿನ ಚಾಂಪಿಯನ್ ಆದಾಗ ಅವನು ಅದರ ಆಟಗಾರ. ಒಂದು ಬೆಂಚಿನಲ್ಲಿ ಆರ್ಥೊಡಾಕ್ಸ್, ಕ್ಯಾಥೊಲಿಕ್, ಮುಸ್ಲಿಂ ಮನೆಗಳ ಹುಡುಗರು ಒಬ್ಬರ ಟವೆಲಿನಲ್ಲಿ ಒಬ್ಬರು ಬೆವರೊರೆಸಿಕೊಳ್ಳುತ್ತಾ ಕೂತಿದ್ದರು. ಯಾರು ಯಾವ ಮನೆಯವರೆಂದು ಅಂದು ಯಾರಾದರೂ ಲೆಕ್ಕ ಹಾಕಿದ್ದರೋ? ಇವತ್ತು ನಾವು ಹಾಕುತ್ತಿದ್ದೇವೆ. ಲೆಕ್ಕ ಹಾಕುವುದನ್ನು ನಮಗೆ ಕಲಿಸಿದ್ದು ನಂತರದ ವರ್ಷಗಳು.

ನಂತರದ ವರ್ಷಗಳು ಬೇಗನೆ ಬಂದವು. 1990ರ ಆಗಸ್ಟ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹಿರಿಯರ ವಿಶ್ವ ಚಾಂಪಿಯನ್‌ಷಿಪ್. ದಿವಾತ್ಸ್, ಕುಕೊಚ್ ಆಗಲೇ ಹಿರಿಯರ ತಂಡದಲ್ಲಿದ್ದರು. ಅವರಿಗಿಂತ ದೊಡ್ಡವನಾದ ಕ್ರೊಯೇಶಿಯಾದ ದ್ರಾಜೆನ್ ಪೆಟ್ರೊವಿಚ್ ತಂಡದ ಪ್ರಾಣ. ಫೈನಲ್‌ನಲ್ಲಿ ಸೋವಿಯೆತ್ ಒಕ್ಕೂಟವನ್ನು ಸೋಲಿಸಿ ಎಲ್ಲರೂ ಕುಣಿಯುತ್ತಿರುವಾಗ ಯಾರೋ ಒಬ್ಬ ಅಭಿಮಾನಿ ಕ್ರೊಯೇಶಿಯಾದ ಬಾವುಟ ಹಿಡಿದು ಅಂಗಣಕ್ಕೆ ನುಗ್ಗಿದ. ದಿವಾತ್ಸ್ ಅದನ್ನು ಕಿತ್ತುಕೊಂಡ. ಇದು ಯುಗೊಸ್ಲಾವಿಯಾದ ಗೆಲುವು, ಇಲ್ಲಿ ಬೇರೆ ಬಾವುಟಕ್ಕೆ ಜಾಗವಿಲ್ಲ ಎಂಬುದು ಅವನ ವಾದ. ಕೆಲವೇ ಸೆಕೆಂಡುಗಳ ಘಟನೆ. ಅಷ್ಟರಿಂದ ಅವನು ಸರ್ಬಿಯಾದಲ್ಲಿ ವೀರನೂ ಕ್ರೊಯೇಶಿಯಾದಲ್ಲಿ ಖಳನೂ ಆದ. ಪೆಟ್ರೊವಿಚ್ ಅವನ ಜೊತೆಗಿನ ಸ್ನೇಹ ಕಡಿದುಕೊಂಡ.

1991ರ ಜೂನ್‌ನಲ್ಲಿ ರೋಮ್‌ನಲ್ಲಿ ಯೂರೋಪಿಯನ್ ಚಾಂಪಿಯನ್‌ಷಿಪ್. ಪಂದ್ಯಾವಳಿ ನಡೆಯುತ್ತಿರುವಾಗಲೇ, ಜೂನ್ 25ರಂದು, ಸ್ಲೊವೇನಿಯಾ ಮತ್ತು ಕ್ರೊಯೇಶಿಯಾ ಸ್ವಾತಂತ್ರ್ಯ ಘೋಷಿಸಿದವು. ತಂಡದಲ್ಲಿದ್ದ ಸ್ಲೊವೇನಿಯಾದ ಯೂರಿ ಜ್ದೊವ್ತ್ಸ್‌ಗೆ ಅವನ ಸರಕಾರ ಹೇಳಿ ಕಳುಹಿಸಿತು, ಆಡಬೇಡ ಎಂದು. ಅವನು ಅರ್ಧದಲ್ಲೇ ತಂಡ ಬಿಟ್ಟ. ಉಳಿದವರು ಆಡಿದರು, ಗೆದ್ದರು. ಬೊರ್ಮಿಯೋದ ಕುಕೊಚ್, ರಾಜಾ, ದಿವಾತ್ಸ್, ಜೋರ್ಜೆವಿಚ್ ನಾಲ್ವರೂ ಅಲ್ಲಿ ಒಂದೇ ಅಂಗಿಯಲ್ಲಿದ್ದರು. ಅದೇ ಕೊನೆ.

ಆಮೇಲಿನದನ್ನು ಓದುಗರು ಬಲ್ಲರು. ಸರಾಯೆವೊ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯ ತನಕ ಮುತ್ತಿಗೆಯಲ್ಲಿ ನರಳಿತು. ಅದೇ 1992ರಲ್ಲಿ ಕ್ರೊಯೇಶಿಯಾ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ತನ್ನದೇ ಬಾವುಟದಡಿ ಆಡಿ ಬೆಳ್ಳಿ ಗೆದ್ದಿತು. ಸರ್ಬರ ಪಾಲಿಗೆ ಉಳಿದಿದ್ದ ಯುಗೊಸ್ಲಾವಿಯಾಕ್ಕೆ ವಿಶ್ವಸಂಸ್ಥೆಯ ನಿರ್ಬಂಧದಿಂದಾಗಿ ಬಾಗಿಲು ಮುಚ್ಚಿತ್ತು. 1995ರ ಜುಲೈ 2ರಂದು ಅಥೆನ್ಸ್‌ನಲ್ಲಿ ಅದು ಮರಳಿ ಬಂದು ಯೂರೋಪಿನ ಚಿನ್ನ ಗೆದ್ದಾಗ ಫೈನಲ್‌ನಲ್ಲಿ ಜೋರ್ಜೆವಿಚ್ ಗಳಿಸಿದ್ದು 41 ಅಂಕ. ಕಂಚು ಗೆದ್ದ ಕ್ರೊಯೇಶಿಯಾದ ಆಟಗಾರರು, ಚಿನ್ನದ ಪದಕ ಕೊಡುವ ಮೊದಲೇ ವೇದಿಕೆಯಿಂದಿಳಿದು ನಡೆದರು. ಅದಾಗಿ ಒಂಬತ್ತು ದಿನಕ್ಕೆ ಸ್ರೆಬ್ರೆನಿಟ್ಸಾ ಪಟ್ಟಣ ಸರ್ಬ್ ಪಡೆಗಳ ವಶವಾಯಿತು. ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. ಬೊರ್ಮಿಯೋದ ಆಟಗಾರರ ವಯಸ್ಸಿನವರು, ಅವರಿಗಿಂತ ಚಿಕ್ಕವರು ಅವರಲ್ಲಿ ಎಷ್ಟು ಮಂದಿಯೋ.

ಇಷ್ಟು ದೂರದ ಕತೆಗೆ ನಾವೇಕೆ ಅಂಟಿಕೊಂಡಿದ್ದೇವೆ ಎಂದು ಮನೆಯವರು ಕೇಳುವುದುಂಟು. ನಮ್ಮದು ಕರಾವಳಿಯ ಒಂದು ಸಣ್ಣ ಪಟ್ಟಣ. ಹೆಸರು ಬೇಡ. ಎಂಬತ್ತರ ದಶಕದ ಕೊನೆಯಲ್ಲಿ ಇಲ್ಲಿ ಒಂದೇ ಒಂದು ಬಾಸ್ಕೆಟ್‌ಬಾಲ್ ಅಂಗಣವಿತ್ತು. ಸಿಮೆಂಟಿನ ನೆಲ, ಬಲೆಯಿಲ್ಲದ ಬುಟ್ಟಿ, ಮಳೆಗಾಲದಲ್ಲಿ ಪಾಚಿ. ಸಂಜೆ ಅಲ್ಲಿ ಸೇರುತ್ತಿದ್ದ ಹತ್ತು ಮಂದಿಯಲ್ಲಿ ಬ್ಯಾರಿಗಳಿದ್ದರು, ಬಂಟರಿದ್ದರು, ಮೊಗವೀರರಿದ್ದರು, ಇಬ್ಬರು ಕ್ರೈಸ್ತರಿದ್ದರು. ಟೈಲರೊಬ್ಬರು ಕಡ ಹೇಳಿ ಅಂಗಿ ಹೊಲಿದುಕೊಟ್ಟಿದ್ದರು. ರಾತ್ರಿ ಬಸ್ಸು ಹತ್ತಿ ಘಟ್ಟದ ಮೇಲಿನ ಊರುಗಳಿಗೆ ಹೋಗಿ ಆಡಿ, ಹೆಚ್ಚಿನ ಸಲ ಸೋತು, ಬೆಳಗಿನ ಜಾವ ಮರಳುತ್ತಿದ್ದೆವು. ಒಬ್ಬರ ಭುಜಕ್ಕೆ ಒಬ್ಬರು ತಲೆಯಿಟ್ಟು ನಿದ್ದೆ.

1992ರ ಡಿಸೆಂಬರ್ ಬಂತು. ಅಯೋಧ್ಯೆಯ ಸುದ್ದಿ ಬಂತು. ಊರಿನಲ್ಲಿ ಕೆಲವು ದಿನ ಕರ್ಫ್ಯೂ. ನಮ್ಮ ಹತ್ತು ಮಂದಿಯಲ್ಲಿ ಯಾರೂ ಯಾರಿಗೂ ಕಲ್ಲೆಸೆಯಲಿಲ್ಲ, ಬೈಯಲೂ ಇಲ್ಲ. ಆದರೆ ಕರ್ಫ್ಯೂ ಮುಗಿದು ಅಂಗಣಕ್ಕೆ ಬಂದಾಗ ಆರೇ ಮಂದಿ ಇದ್ದೆವು. ಎಲ್ಲರ ಮನೆಯ ಹಿರಿಯರೂ ಒಂದೇ ಮಾತು ಹೇಳಿದ್ದರು: “ಇನ್ನು ಅವರ ಒಟ್ಟಿಗೆ ಯಾಕೆ ಮಾರಾಯ? ನಮ್ಮ ಹುಡುಗರೇ ಸಾಕಷ್ಟು ಇದ್ದಾರಲ್ಲ.” ಎರಡೂ ಕಡೆ ಅದೇ ವಾಕ್ಯ, ಅಕ್ಷರ ಬದಲಾಗಿಲ್ಲ! ಮುಂದಿನ ವರ್ಷದ ಪಂದ್ಯಾವಳಿಗೆ ನಮ್ಮೂರಿನಿಂದ ಎರಡು ತಂಡಗಳು ಹೋದವು. ಎರಡೂ ಮೊದಲ ಸುತ್ತಿನಲ್ಲೇ ಸೋತವು. ನಮ್ಮ ಅತಿ ಎತ್ತರದ ಆಟಗಾರ ಮತ್ತು ಅವನಿಗೆ ಕಣ್ಣು ಮುಚ್ಚಿಯೂ ಪಾಸ್ ಕೊಡಬಲ್ಲವನಾಗಿದ್ದ ಗಿಡ್ಡನೆಯವನು ಅಂದಿನಿಂದ ಮಾತಾಡಿಲ್ಲ. ಜಗಳವಾದರೆ ರಾಜಿ ಮಾಡಿಸಬಹುದು. ಜಗಳವೇ ಆಗದಿದ್ದರೆ ಯಾವುದನ್ನು ಹಿಡಿದು ರಾಜಿ ಮಾಡಿಸುವುದು?

2010ರಲ್ಲಿ ದಿವಾತ್ಸ್-ಪೆಟ್ರೊವಿಚ್ ಕುರಿತು ‘ಒನ್ಸ್ ಬ್ರದರ್ಸ್’ ಎಂಬ ಸಾಕ್ಷ್ಯಚಿತ್ರ ಬಂತು. ನಾವು ಅದನ್ನು ಒಬ್ಬರ ಮನೆಯಲ್ಲಿ ಲ್ಯಾಪ್‌ಟಾಪ್ ಸುತ್ತ ಕೂತು ನೋಡಿದೆವು. ಪೆಟ್ರೊವಿಚ್ 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿಯಲ್ಲಿ ಅಪಘಾತದಲ್ಲಿ ತೀರಿಕೊಂಡಿದ್ದ. ಇನ್ನೂ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಸ್ನೇಹ ಮುರಿದೇ ಉಳಿಯಿತು. ಚಿತ್ರದಲ್ಲಿ ನಡುವಯಸ್ಸಿನ ದಿವಾತ್ಸ್ ಝಾಗ್ರೆಬ್‌ನ ಬೀದಿಯಲ್ಲಿ ನಡೆಯುತ್ತಾನೆ, ಪೆಟ್ರೊವಿಚ್‌ನ ತಾಯಿಯನ್ನು ಕಾಣುತ್ತಾನೆ, ಸಮಾಧಿಯ ಮುಂದೆ ನಿಲ್ಲುತ್ತಾನೆ. ನಮ್ಮ ಜೊತೆ ಕೂತಿದ್ದ ಹತ್ತು ವರ್ಷದ ಪೋರನೊಬ್ಬ ಕೇಳಿದ: “ಅವರ ಹತ್ತಿರ ಫೋನ್ ಇರಲಿಲ್ವಾ ಮಾಮ?” ಯಾರೂ ಉತ್ತರಿಸಲಿಲ್ಲ. ಗಿಡ್ಡನೆಯವನು ಎದ್ದು ನೀರು ಕುಡಿಯಲು ಒಳಗೆ ಹೋದ.

ಬಾವುಟ ಕಿತ್ತುಕೊಂಡದ್ದು ಸರಿಯೋ ತಪ್ಪೋ ಎಂಬುದರಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ದಿವಾತ್ಸ್ ಒಡಕಿನ ವಿರುದ್ಧ ನಿಂತವನು, ಅವನ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ ಎಂದು ಇಬ್ಬರು ವಾದಿಸುತ್ತಾರೆ. ಚಿತ್ರವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಉಳಿದ ನಮಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅವನ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ದೊಡ್ಡ ಬಾವುಟದ ನೆರಳಲ್ಲಿ ಬೆಳೆದವನಿಗೆ ಅದೂ ಒಂದು ಬಾವುಟ ಎಂಬುದು ಕಾಣುವುದಿಲ್ಲ. ಎಲ್ಲರಿಗೂ ಸೇರಿದ ಆಕಾಶದಂತೆ ಕಾಣುತ್ತದೆ. ಸಣ್ಣ ಬಾವುಟ ಹಿಡಿದವನು ಮಾತ್ರ ಅವನ ಕಣ್ಣಿಗೆ ಒಡಕು ತರುವವನು. ಪೆಟ್ರೊವಿಚ್‌ಗೆ ನೋವಾದದ್ದು ಅಲ್ಲಿಯೇ ಇರಬೇಕು. ಇದನ್ನು ಆ ಇಬ್ಬರಿಗೆ ವಿವರಿಸಲು ನಾವು ಬಹಳ ಹೆಣಗಿದ್ದೇವೆ. ಅವರೂ ತಮ್ಮ ವಾದವನ್ನು ನಮಗೆ ವಿವರಿಸಲು ಅಷ್ಟೇ ಹೆಣಗಿದ್ದಾರೆ ಎನ್ನಬೇಕು.

ಚಿತ್ರದ ಬಗ್ಗೆ ನಮಗಿರುವ ದೊಡ್ಡ ತಕರಾರು ಬೇರೆ. ಅದು ಇಬ್ಬರು ತಾರೆಗಳ ಕತೆ. ಬೊರ್ಮಿಯೋದ ಬೆಂಚಿನಲ್ಲಿದ್ದ ಅವ್ದಿಚ್‌ನ ಕತೆಯನ್ನು ಯಾರು ಹೇಳಬೇಕು? ಅವನು ಮುಂದೆ ಬೋಸ್ನಿಯಾ ತಂಡಕ್ಕೆ ಆಡಿದ. ಆ ತಂಡ ಹುಟ್ಟಿದ್ದೇ ಮುತ್ತಿಗೆಯ ನಡುವೆ. 1993ರಲ್ಲಿ ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಪಂದ್ಯಗಳಿಗೆ ಪೋಲೆಂಡಿಗೆ ಹೋಗಲು ಸರಾಯೆವೊದಲ್ಲಿದ್ದ ಆಟಗಾರರು ರಾತ್ರಿ ವಿಮಾನ ನಿಲ್ದಾಣದ ರನ್‌ವೇಯನ್ನು ಓಡಿ ದಾಟಬೇಕಾಯಿತು. ಗುಂಡು ಹಾರುವ ಬಯಲು ಅದು. ಹಾಗೆ ಹೊರಬಿದ್ದ ತಂಡ ಅರ್ಹತೆ ಗಳಿಸಿ, ಜರ್ಮನಿಯಲ್ಲಿ ಆಡಿ ಎಂಟನೆಯ ಸ್ಥಾನ ಪಡೆಯಿತು. ಪಂದ್ಯಾವಳಿಯಲ್ಲೇ ಅತಿ ಹೆಚ್ಚಿನ ಸರಾಸರಿ ಅಂಕ ಬೋಸ್ನಿಯಾದ ಸಬಾಹುದ್ದೀನ್ ಬಿಲಾಲೊವಿಚ್‌ನದು. ಆ ತಂಡದಲ್ಲಿ ಸಬಾಹುದ್ದೀನ್ ಇದ್ದ, ಮಾರಿಯೊ ಇದ್ದ, ನೆನಾದ್ ಇದ್ದ. ಇಡೀ ದೇಶ ಒಡೆದು ಚೂರಾದಾಗಲೂ ಆ ಬೆಂಚಿನಲ್ಲಿ ಬೆರಕೆ ಉಳಿದಿತ್ತು. ಎಂಟನೆಯ ಸ್ಥಾನಕ್ಕೆ ಪದಕವಿಲ್ಲ, ಸಾಕ್ಷ್ಯಚಿತ್ರವೂ ಬೇಗ ಸಿಗುವುದಿಲ್ಲ.

ಆ ವರ್ಷ ಮ್ಯೂನಿಕ್‌ನಲ್ಲಿ ಒಂದೇ ಅಂಕದಿಂದ ರಷ್ಯಾವನ್ನು ಸೋಲಿಸಿ ಜರ್ಮನಿ ಚಿನ್ನ ಗೆದ್ದಿತು. ಅದರ ಕೋಚ್ ಯಾರು ಗೊತ್ತೇ? ಪೆಶಿಚ್. ತನ್ನ ಹುಡುಗರು ಮೂರು ನಾಲ್ಕು ದೇಶಗಳಿಗೆ ಹಂಚಿಹೋಗಿದ್ದಾಗ ಅವನು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ. 1995ರಲ್ಲಿ ಬರ್ಲಿನ್‌ನ ಆಲ್ಬಾ ಕ್ಲಬ್ ಅವನ ತರಬೇತಿಯಲ್ಲಿ ಯೂರೋಪಿನ ಕೊರಾಚ್ ಕಪ್ ಗೆದ್ದಾಗ ಅದರ ಮುಖ್ಯ ಆಟಗಾರ ಅದೇ ಝೆನಿತ್ಸಾದ ಅಲಿಬೆಗೊವಿಚ್. ಬೋಸ್ನಿಯಾದಲ್ಲಿ ಯುದ್ಧ ನಡೆಯುತ್ತಿದ್ದ ವರ್ಷ, ಸರ್ಬ್ ಕೋಚ್ ಮತ್ತು ಬೋಸ್ನಿಯಾದ ಆಟಗಾರ ಬರ್ಲಿನ್‌ನಲ್ಲಿ ಒಂದೇ ಕಪ್ ಎತ್ತಿದರು. ಅವರಿಬ್ಬರು ಆ ದಿನಗಳಲ್ಲಿ ಏನು ಮಾತಾಡಿಕೊಳ್ಳುತ್ತಿದ್ದಿರಬಹುದು ಎಂದು ನಾವು ಹಲವು ಸಲ ಊಹಿಸಿದ್ದೇವೆ. ಬಹುಶಃ ಬಾಸ್ಕೆಟ್‌ಬಾಲ್ ಬಗ್ಗೆ ಮಾತ್ರ. ಅದೇ ಸಾಕಾಗಿದ್ದಿರಲೂಬಹುದು.

ಈಗ ನಮ್ಮ ಮಕ್ಕಳು ಅದೇ ಅಂಗಣದಲ್ಲಿ ಆಡುತ್ತಾರೆ. ಬುಟ್ಟಿಗೆ ಬಲೆ ಬಂದಿದೆ, ಪಾಚಿ ಹಾಗೇ ಇದೆ. ಎತ್ತರದವನ ಮಗ, ಗಿಡ್ಡನೆಯವನ ಮಗಳು ಒಂದೇ ತರಬೇತುದಾರರ ಬಳಿ ಕಲಿಯುತ್ತಾರೆ. ತಂದೆಯರು ಗೇಟಿನ ಆಚೆ ಒಬ್ಬ, ಈಚೆ ಒಬ್ಬ ಸ್ಕೂಟರ್ ನಿಲ್ಲಿಸಿ ಕಾಯುತ್ತಾರೆ. ಹಳೆಯದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂಬುದು ನಮ್ಮೊಳಗೆ ಇನ್ನೂ ತೀರ್ಮಾನವಾಗಿಲ್ಲ.

2023ರ ಸೆಪ್ಟೆಂಬರ್ 10ರಂದು ಮನಿಲಾದಲ್ಲಿ ವಿಶ್ವಕಪ್ ಫೈನಲ್. ಒಂದು ಕಡೆ ಸರ್ಬಿಯಾ, ಕೋಚ್ ಸ್ಥಾನದಲ್ಲಿ ಎಪ್ಪತ್ತನಾಲ್ಕರ ಪೆಶಿಚ್. ಇನ್ನೊಂದು ಕಡೆ, ಮೂವತ್ತು ವರ್ಷಗಳ ಹಿಂದೆ ಅವನೇ ಯೂರೋಪಿನ ಚಿನ್ನ ಗೆಲ್ಲಿಸಿಕೊಟ್ಟಿದ್ದ ಜರ್ಮನಿ. ನಾವೆಲ್ಲ ಮುದುಕನ ಪರವಾಗಿ ಕೂತಿದ್ದರೆ ಗಿಡ್ಡನೆಯವನೊಬ್ಬ ಮಾತ್ರ ಜರ್ಮನಿಯೇ ಗೆಲ್ಲಬೇಕು ಎಂದು ಹಟ ಹಿಡಿದಿದ್ದ. ಕಾರಣ ಕೇಳಿದರೆ, ಅಲಿಬೆಗೊವಿಚ್ ಆಡಿದ್ದು ಬರ್ಲಿನ್‌ನಲ್ಲಲ್ಲವೇ ಎಂದ. 83-77ರಿಂದ ಜರ್ಮನಿಯೇ ಗೆದ್ದಿತು.