ಕಿವಿಯೊಳಗಿನ ಗುಂಯ್ ಸದ್ದಿಗೆ ಯಾವ ವೈದ್ಯರು?

ಪರೀಕ್ಷೆ ಹತ್ತಿರ ಬಂತೆಂದರೆ ಓದುವ ಮಕ್ಕಳಿರುವ ಮನೆಯಲ್ಲಿ ಟಿ.ವಿ.ಯ ದನಿ ತಗ್ಗುತ್ತದೆ, ಬಂದ ನೆಂಟರೂ ಮೆಲ್ಲಗೆ ಮಾತಾಡುತ್ತಾರೆ. ಆದರೆ ಸದ್ದು ಕಿವಿಯೊಳಗಿನದೇ ಆದರೆ? ಕೊಪ್ಪಳದ ಬಳಿಯ ಕಿನ್ನಾಳದಂಥ ಊರಿನಲ್ಲಿ, ಓಣಿಯೆಲ್ಲ ಮಲಗಿದ ಹೊತ್ತಿನಲ್ಲಿ ಹುಡುಗನೊಬ್ಬ “ಯವ್ವಾ, ಕಿವ್ಯಾಗ ಗುಂಯ್ ಅಂತೈತಿ” ಎಂದನೆನ್ನಿ. “ಓದು ತಪ್ಪಿಸಾಕ ನೆಪ ಹುಡುಕಬ್ಯಾಡ” ಎಂಬ ಉತ್ತರ ಬಂದೀತು. ಇಲ್ಲವೇ ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಂದಾಳು. ಎರಡರಲ್ಲೂ ಮಗನ ಮೇಲಿನ ಕಾಳಜಿಯಿದೆ. ಎರಡರಿಂದಲೂ ದಿನ ಕಳೆಯುತ್ತದೆ. ಕಿವಿಯ ತಮಟೆಯಲ್ಲಿ ತೂತಿದ್ದರಂತೂ ಎಣ್ಣೆಯಿಂದ ಅಪಾಯವೇ ಉಂಟು.

ವೈದ್ಯರು ಇದನ್ನು ‘ಟಿನ್ನಿಟಸ್’ ಎನ್ನುತ್ತಾರೆ. ಇದು ತಾನೇ ಒಂದು ರೋಗವಲ್ಲ, ಲಕ್ಷಣ. ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ಕಿವಿ ಸೋರುವಿಕೆ, ಕೆಲವು ಔಷಧಿಗಳು, ಅತಿಯಾದ ಸದ್ದು, ಹೀಗೆ ಕಾರಣ ಹಲವು. ಒಳಗಿವಿಯ ಸೂಕ್ಷ್ಮ ಕೂದಲುಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇಯರ್‌ಫೋನು ಸಿಕ್ಕಿಸಿಕೊಂಡೇ ಮಲಗುವ ಮಕ್ಕಳಿಗೆ ಹೇಳಬೇಕಾದ ಮಾತಿದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ.

ಹಾಗಾದರೆ ಹೋಗಬೇಕಾದದ್ದು ಯಾರ ಬಳಿಗೆ? ಊರಿನ ವೈದ್ಯರು ಮೊದಲು ನೋಡಲಿ. ಗುಗ್ಗೆಯೇ ಕಾರಣವಾದರೆ ಅಲ್ಲಿಗೇ ಮುಗಿಯಬಹುದು. ಸದ್ದು ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಅವರ ಜೊತೆಗೆ ಬೇಕಾದ ಇನ್ನೊಬ್ಬರು ಕೇಳುವ ಶಕ್ತಿಯನ್ನು ಅಳೆಯುವ ಆಡಿಯಾಲಜಿಸ್ಟ್. ಕಿನ್ನಾಳದವರಿಗೆ ಕೊಪ್ಪಳ ದೂರವಲ್ಲ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಅದಕ್ಕೂ ಮೀರಿದ ತಪಾಸಣೆ ಬೇಕಾದರೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಿದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಒಳ್ಳೆಯ ವೈದ್ಯರನ್ನು ಗುರುತಿಸುವುದು ಹೇಗೆ? ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೆತ್ತಿ, ಅದರ ಮೇಲೆ ಇನ್ನೊಂದು ಲೇಪ ಕೊಟ್ಟ ಬಳಿಕವೇ ಬಣ್ಣದ ಸರದಿ. ಚಿಕಿತ್ಸೆಗೂ ಇಂಥದೇ ಕ್ರಮವಿದೆ. ಸದ್ದು ಒಂದೇ ಕಿವಿಯಲ್ಲೋ ಎರಡರಲ್ಲೋ, ಎಂದಿನಿಂದ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿ, ಕಿವಿಯೊಳಗೆ ದೀಪ ಹಾಯಿಸಿ ನೋಡಿ, ಶ್ರವಣ ಪರೀಕ್ಷೆ ಮಾಡಿಸಿ, ಆಮೇಲೆ ಔಷಧದ ಮಾತೆತ್ತುವವರನ್ನು ನಂಬಬಹುದು. ಕಿವಿ ನೋಡುವ ಮೊದಲೇ “ಪೂರ್ತಿ ನಿಲ್ಲಿಸಿಕೊಡುತ್ತೇನೆ” ಎಂದು ದುಬಾರಿ ಹನಿಗಳ ಬಾಟಲಿ ಹಿಡಿಸುವವರಿಂದ ದೂರವಿರುವುದು ಲೇಸು. ಎಲ್ಲ ಗುಂಯ್ ಸದ್ದನ್ನೂ ಅಳಿಸುವ ಮಾತ್ರೆ ಇನ್ನೂ ಬಂದಿಲ್ಲ. ಆದರೆ ಸಲಹೆ, ಮನಸ್ಸಿನ ತರಬೇತಿ, ಶ್ರವಣದೋಷವಿದ್ದರೆ ಶ್ರವಣಯಂತ್ರ, ಇವುಗಳಿಂದ ಅದರ ಕಾಟ ತಗ್ಗಿಸಬಹುದು. ಇದನ್ನು ಮುಚ್ಚುಮರೆಯಿಲ್ಲದೆ ಹೇಳುವವರೇ ಸರಿಯಾದ ವೈದ್ಯರು.

ಕೆಲವು ಸಂದರ್ಭಗಳಲ್ಲಿ ಮಾತ್ರ ಕಾಯುವಂತಿಲ್ಲ. ಸದ್ದಿನ ಜೊತೆಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಂದೇ ತಜ್ಞರ ಬಳಿ ಓಡಬೇಕು. ಮೊದಲ ಕೆಲವು ದಿನಗಳಲ್ಲಿ ಸ್ಟೀರಾಯ್ಡ್ ಚಿಕಿತ್ಸೆ ಶುರುವಾದರೆ ಕಿವಿ ಮರಳುವ ಅವಕಾಶ ಹೆಚ್ಚು. ವಾರಗಳು ಉರುಳಿದಷ್ಟೂ ಆ ಬಾಗಿಲು ಮುಚ್ಚುತ್ತದೆ. ತಲೆಗೆ ಪೆಟ್ಟು ಬಿದ್ದ ಮೇಲೆ ಸದ್ದು ಶುರುವಾದರೆ, ವಿಪರೀತ ತಲೆಸುತ್ತು ಬಂದರೆ, ಮುಖ ಒಂದೆಡೆ ವಾಲಿದರೆ ನೇರ ಆಸ್ಪತ್ರೆಗೇ ಹೋಗಬೇಕು. ನಾಡಿಯ ಬಡಿತಕ್ಕೆ ತಕ್ಕಂತೆ ಕೇಳುವ ಸದ್ದನ್ನೂ, ಒಂದೇ ಕಿವಿಯಲ್ಲಿ ಬಿಡದೆ ಕೇಳುವ ಸದ್ದನ್ನೂ ತೋರಿಸದೆ ಬಿಡಬಾರದು.

ಆ ಸದ್ದು ಸಾಮಾನ್ಯವಾಗಿ ಮಗುವಿಗೆ ಮಾತ್ರ ಕೇಳುವಂಥದು. ತಾಯಿ ಕಿವಿಗೆ ಕಿವಿ ಹಚ್ಚಿದರೂ ಕೇಳಿಸದು. ಆದ್ದರಿಂದ ಮಗು ಹೇಳಿದ್ದನ್ನು ನಂಬುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಒಂದು ದಿನದ ಓದು ತಪ್ಪಿದರೆ ಮರುದಿನ ಓದಿಕೊಳ್ಳಬಹುದು. ಹೋದ ಕಿವಿಗೆ ಆ ಮಾತು ಹೇಳಲಾಗದು.